ನಂದಿಬೆಟ್ಟ ಅಕ್ಟೋಬರಿನಲ್ಲಿ ಏಕೆ ಕೆಂಪಾಗುವುದಿಲ್ಲ?

ಅಕ್ಟೋಬರ್ ಬಂತೆಂದರೆ ಮೊಬೈಲ್ ತುಂಬ ಕಾಶ್ಮೀರದ ಚಿನಾರ್ ಮರಗಳು: ಹಳದಿ, ಕಿತ್ತಳೆ, ಕಡುಗೆಂಪು. ಅದೇ ವಾರ ನಂದಿಬೆಟ್ಟ ಹತ್ತಿದವರಿಗೆ ಸಿಗುವುದು ಮಂಜು, ಟ್ರಾಫಿಕ್ ಜಾಮ್, ಕಣ್ಣು ಹಾಯಿಸಿದಷ್ಟೂ ಹಸಿರು. ಇಷ್ಟು ಚಳಿಯಿದ್ದರೂ ನಮ್ಮ ಮರಗಳಿಗೆ ಬಣ್ಣ ಬರುವುದಿಲ್ಲವೇ? ಬರುತ್ತದೆ. ಆದರೆ ಅಕ್ಟೋಬರಿನಲ್ಲಲ್ಲ, ಚಳಿಯ ದೆಸೆಯಿಂದಲೂ ಅಲ್ಲ.

ಚಿನಾರ್ ಕಾಲ ಅಳೆಯುವುದು ಹಗಲಿನ ಉದ್ದದಿಂದ. ಹಗಲು ಕುಗ್ಗಿ ರಾತ್ರಿ ತಣ್ಣಗಾಗುತ್ತಿದ್ದಂತೆ ಅದು ಎಲೆಯ ಪತ್ರಹರಿತ್ತನ್ನು ಒಡೆದು, ಎಲೆಯಲ್ಲಿದ್ದ ಸಾರಜನಕವನ್ನು ಕೊಂಬೆ, ಕಾಂಡಗಳಿಗೆ ಎಳೆದುಕೊಳ್ಳುತ್ತದೆ. ಹಸಿರು ಸರಿದಾಗ, ಮೊದಲಿನಿಂದಲೂ ಅಲ್ಲೇ ಇದ್ದ ಕ್ಯಾರೊಟಿನಾಯ್ಡ್‌ಗಳ ಹಳದಿ ಕಾಣಿಸಿಕೊಳ್ಳುತ್ತದೆ. ಕೆಂಪಿನ ಕತೆ ಬೇರೆ. ಆಂಥೋಸಯನಿನ್ ಎಂಬ ಆ ಬಣ್ಣವನ್ನು ಎಲೆ ಕೊನೆಗಾಲದಲ್ಲಿ ಸಕ್ಕರೆ ಖರ್ಚು ಮಾಡಿ ಹೊಸದಾಗಿ ತಯಾರಿಸುತ್ತದೆ. ಬಿಸಿಲಿನ ಹಗಲಿಗೆ ತಂಪು ರಾತ್ರಿ ಸೇರಿದರೆ ಕೆಂಪು ಗಾಢವಾಗುತ್ತದೆ. ನಾಳೆ ಉದುರುವ ಎಲೆಗೆ ಈ ದುಂದು ಏಕೆ? ಸಾರಜನಕ ಸಾಗಿಸಿ ಮುಗಿಯುವ ತನಕ ಬಿಸಿಲಿನ ಹೊಡೆತ ತಡೆಯಲು ಎಂಬುದು ಒಂದು ವಿವರಣೆ. ಕೀಟಗಳಿಗೆ ಕೊಡುವ ಎಚ್ಚರಿಕೆ ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಸರಿಯೆನಿಸುತ್ತದೆ. ಮೊದಲ ಹಿಮ (ಎಲೆ, ಹುಲ್ಲಿನ ಮೇಲೆ ಕೂರುವ ತೆಳು ಮಂಜುಗಡ್ಡೆ) ಬಿದ್ದಾಗ ಎಲೆ ಕೆಂಪಾಗುತ್ತದೆ ಎಂಬ ನಂಬಿಕೆಯಂತೂ ತಲೆಕೆಳಗು. ಹಿಮ ಜೋರಾಗಿ ಕೂತರೆ ಎಲೆಯ ಜೀವಕೋಶಗಳು ಸತ್ತು, ಎಲೆ ಕಂದಾಗಿ ಮುದುಡಿ, ಬಣ್ಣದ ಆಟವೇ ಬೇಗ ಮುಗಿಯುತ್ತದೆ.

ನಮ್ಮ ಮರಗಳು ನೋಡುವುದು ನೀರನ್ನು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮಳೆ ಹೆಚ್ಚು ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕೆರೆಗೆ ನೀರು ಬರುವ ಹೊತ್ತಿಗೆ ಯಾವ ಮರ ತಾನೇ ಎಲೆ ಚೆಲ್ಲೀತು? ದೇವರಾಯನದುರ್ಗದ ಕಾಡು ಬೋಳಾಗುವುದು ಶಿಶಿರದ ಒಣಗಾಳಿಗೆ, ಅದೂ ಬಹುಪಾಲು ಹಳದಿ, ಕಂದು ಬಣ್ಣದಲ್ಲಿ. ಕೆಂಪು ಬೇಕಿದ್ದರೆ ಬಾದಾಮಿ ಮರ ನೋಡಬೇಕು. ತುಮಕೂರಿನ ಬೀದಿ, ಶಾಲೆಗಳ ಅಂಗಳದಲ್ಲಿ ಕೊಡೆ ಬಿಚ್ಚಿಕೊಂಡು ನಿಂತಿರುವ ಮರ ಅದು. ಬಿದ್ದ ಎಲೆಯೊಂದನ್ನು ಎತ್ತಿಕೊಳ್ಳಿ. ಬಿಸಿಲಿಗೆ ಒಡ್ಡಿದ್ದ ಮುಖ ಕಡುಗೆಂಪು, ಹಿಂಭಾಗ ಪೇಲವ. ಇನ್ನೊಂದು ಎಲೆಯ ನೆರಳಿನಲ್ಲಿದ್ದ ಕಡೆ ಹಳದಿ ತೇಪೆ ಉಳಿದಿರುತ್ತದೆ, ಏಕೆಂದರೆ ಕೆಂಪು ತಯಾರಾಗಲು ಬೆಳಕು ಬೇಕು. ತೊಟ್ಟಿನ ತುದಿ ಹರಿದಿರುವುದಿಲ್ಲ, ನುಣ್ಣಗೆ ಬಿಟ್ಟುಕೊಂಡಿರುತ್ತದೆ. ಉದುರಿಸುವ ಮೊದಲೇ ಮರ ಅಲ್ಲೊಂದು ಪದರ ಕಟ್ಟಿ ಬೆಸುಗೆ ಸಡಿಲಿಸಿರುತ್ತದೆ.

ಇನ್ನು ಹಿಮ. ನಂದಿಬೆಟ್ಟದಲ್ಲಿ ಅದು ಕೂರುವಷ್ಟು ಚಳಿಯಾದರೂ ಇದೆಯೇ? ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ನಂದಿಬೆಟ್ಟದ ಎತ್ತರ 1478 ಮೀಟರ್, ಸುತ್ತಲ ಬಯಲಿಗಿಂತ ಐನೂರು ಚಿಲ್ಲರೆ ಮೀಟರ್ ಹೆಚ್ಚು. ಅಂದರೆ ಮೂರೂವರೆ ಡಿಗ್ರಿ ಕಡಿಮೆಯಾದೀತು. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿಯಲ್ಲಿ ಬಿದ್ದ 7.8 ಡಿಗ್ರಿ, ಅದರಲ್ಲಿ ಇಷ್ಟು ಕಳೆದರೂ ಸೊನ್ನೆ ದೂರವೇ. ಮೇಲಾಗಿ, ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಈ ಲೆಕ್ಕವೇ ಉಲ್ಟಾ. ನೆಲ ಶಾಖ ಕಳೆದುಕೊಂಡಂತೆ ತಣ್ಣನೆಯ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಸ್ಕಂದಗಿರಿ ಹತ್ತಿದವರು ಮಂಜಿನ ಕಡಲನ್ನು ಕಾಲಕೆಳಗೆ ಕಾಣುವುದಕ್ಕೆ ಇದೂ ಒಂದು ಕಾರಣ. 2200 ಮೀಟರ್ ದಾಟಿದ ಊಟಿಯಲ್ಲೂ ಡಿಸೆಂಬರ್, ಜನವರಿಯ ಹಿಮ ಕೂರುವುದು ಹೆಚ್ಚಾಗಿ ತಗ್ಗಿನ ಹುಲ್ಲಿನ ಮೇಲೆ.

ಹಾಗೆಂದು ನಮ್ಮ ಚಳಿಗೆ ಕೆಲಸವಿಲ್ಲ ಅನ್ನಬೇಡಿ, ಶ್ರೀನಿವಾಸಪುರದ ಮಾವಿನ ತೋಟದವರು ಜಗಳಕ್ಕೆ ಬಂದಾರು. ಮಾವಿನ ಮೊಗ್ಗು ಹೂವಾಗಲು ವಾರಗಟ್ಟಲೆ ತಂಪು ರಾತ್ರಿ ಬೇಕು. ಚಳಿ ಕೈಕೊಟ್ಟು ಅಕಾಲದ ಮಳೆಯೂ ಸೇರಿದರೆ ಅದೇ ಮೊಗ್ಗು ಚಿಗುರಾಗಿಬಿಡುತ್ತದೆ. ತಾಮ್ರಗೆಂಪಿನ, ಮೆತ್ತನೆಯ, ಜೋತುಬಿದ್ದ ಚಿಗುರು. ಚಿನಾರನ್ನು ಕೆಂಪಾಗಿಸುವ ಆಂಥೋಸಯನಿನ್ ಇಲ್ಲಿ ಪತ್ರಹರಿತ್ತು ಇನ್ನೂ ತುಂಬದ ಎಳೆ ಎಲೆಯಲ್ಲಿ ಇರುತ್ತದೆ. ದಾರಿಹೋಕರು ನಿಂತು ಫೋಟೋ ತೆಗೆಯುತ್ತಾರೆ. ತೋಟದವನು ಮಾತ್ರ ಆ ಕೊಂಬೆಯನ್ನು ಈ ಸಲದ ಫಸಲಿನ ಲೆಕ್ಕದಿಂದ ಬಿಟ್ಟಿರುತ್ತಾನೆ.