ಮೆಲ್ಲಗೆ ಬೆಳೆಯುವ ಗಡ್ಡೆಗೆ ಮೂವತ್ತು ದಿನದ ‘ಕರೆಂಟು’

‘ತಮ್ಮಾ, ತಲಿಗೆ ಕರೆಂಟ್ ಕೊಡ್ತಾರಂತ. ಹುಡುಗಗ ಶಾಕ್ ಹೊಡಿಯೂದಿಲ್ಲೇನೋ?’

ಗದಗಿನಿಂದ ಮಗನನ್ನು ಹುಬ್ಬಳ್ಳಿಗೆ ಕರೆತಂದಿದ್ದ ಅಕ್ಕನ ಮೊದಲ ಪ್ರಶ್ನೆ ಇದು. ನಮ್ಮ ಕಡೆ ರೇಡಿಯೊಥೆರಪಿಗೆ, ಅಂದರೆ ವಿಕಿರಣ ಚಿಕಿತ್ಸೆಗೆ, ‘ಕರೆಂಟ್ ಕೊಡೋದು’ ಅಂತಲೇ ಹೆಸರು. ಈ ಚಿಕಿತ್ಸೆ ಕೊಡುವ ಲಿನಾಕ್ ಯಂತ್ರದಿಂದ ಬರುವುದು ಶಕ್ತಿಶಾಲಿ ಎಕ್ಸ್‌ರೇ. ಶಾಕೂ ಇಲ್ಲ, ಆ ಹೊತ್ತಿಗೆ ನೋವೂ ಇಲ್ಲ.

ಹುಡುಗನಿಗೆ 26. ತಲೆನೋವು, ವಾಂತಿ. ಎಂಆರ್‌ಐ ಮಾಡಿದಾಗ ಮಿದುಳಿನೊಳಗೆ ನೀರು ಹರಿಯುವ ಕೋಣೆಯಲ್ಲೇ ಗಡ್ಡೆ ಕೂತು ದಾರಿ ಕಟ್ಟಿತ್ತು. ಅದರ ಹೆಸರು ಸೆಂಟ್ರಲ್ ನ್ಯೂರೊಸೈಟೋಮಾ, ಎರಡನೇ ದರ್ಜೆ, ಅಂದರೆ ಮೆಲ್ಲಗೆ ಬೆಳೆಯುವಂಥದ್ದು. ಈ ಜಾತಿಯ ಗಡ್ಡೆಗೆ ಪ್ರತ್ಯೇಕ ಹೆಸರು ಸಿಕ್ಕಿದ್ದೇ 1982ರಲ್ಲಿ. ಮಿದುಳು ಗಡ್ಡೆಯ 200 ರೋಗಿಗಳಲ್ಲಿ ಒಬ್ಬರಿಗೂ ಇದು ಇರುವುದು ಅಪರೂಪ.

ಇಂಥ ನಿಧಾನದ ಗಡ್ಡೆಗಳಿಗೆ ಮೊದಲ ಮದ್ದು ಶಸ್ತ್ರಚಿಕಿತ್ಸೆ. ಪೂರ್ತಿ ತೆಗೆಯಲು ಬಂದರೆ ಸಾಮಾನ್ಯವಾಗಿ ಕರೆಂಟಿನ ಗೊಡವೆಯಿಲ್ಲ, ಆಗಾಗ ಸ್ಕ್ಯಾನ್ ಮಾಡಿಸಿದರಾಯಿತು. ಒಂದು ತುಣುಕು ಉಳಿದು, ಅದು ಬೆಳೆಯತೊಡಗಿದರೆ ವಿಕಿರಣಕ್ಕೆ ಕೆಲಸ. ನಮ್ಮ ಹುಡುಗನಿಗೆ ಆದದ್ದು ಇದೇ.

ಉಳಿದ ಕೂಡಲೇ ಯಾಕೆ ಕೊಡಲಿಲ್ಲ ಎಂದು ಅಕ್ಕ ಸಿಟ್ಟಾಗಿದ್ದಳು. ನಾನು ಅವಳಿಗೆ 2005ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನವೊಂದರ ಲೆಕ್ಕ ಹೇಳಿದೆ. ಅದು ನಡೆದದ್ದು ಕಡಿಮೆ ದರ್ಜೆಯ ಗ್ಲಿಯೋಮಾ ಎಂಬ ಇನ್ನೊಂದು ಗುಂಪಿನ ಗಡ್ಡೆಗಳ ಮೇಲೆ. ಆಪರೇಷನ್ ಆದ ಬೆನ್ನಿಗೇ ವಿಕಿರಣ ಪಡೆದವರಲ್ಲಿ ಗಡ್ಡೆ ಸುಮಾರು 5.3 ವರ್ಷ ತಡೆದು ನಿಂತಿತು, ಕಾದವರಲ್ಲಿ 3.4 ವರ್ಷ. ಆದರೆ ಬದುಕಿದ ಕಾಲ ಹೆಚ್ಚುಕಡಿಮೆ ಒಂದೇ: 7.4 ಮತ್ತು 7.2 ವರ್ಷ. ಬೇಗ ಪಡೆದವರಿಗೆ ಫಿಟ್ಸ್ ಕಡಿಮೆಯಾಗಿತ್ತು, ಅದೂ ಸಣ್ಣ ಮಾತಲ್ಲ. ಇನ್ನೊಂದು ಕಡೆ, ವಿಕಿರಣದಿಂದ ನೆನಪಿನ ಶಕ್ತಿ ಕುಗ್ಗುವುದು, ಹಾರ್ಮೋನು ಏರುಪೇರಾಗುವುದು ಎಷ್ಟೋ ವರ್ಷದ ಮೇಲೆ ತಲೆಯೆತ್ತಬಹುದು. ಹರೆಯದ ಹುಡುಗನ ಮುಂದೆ ಆ ವರ್ಷಗಳೆಲ್ಲ ಬಾಕಿ ಇವೆ. ಕಣ್ಣಿಟ್ಟು ಕಾದ ವೈದ್ಯರು ಸರಿಯಾದದ್ದನ್ನೇ ಮಾಡಿದ್ದರು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೊದಲ ದಿನ ಮುಖವಾಡ ಮಾಡಿದರು. ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಿಂದ ಎತ್ತಿದಾಗ ಹಸಿ ಹಪ್ಪಳದ ಹಾಗೆ ಜೋತುಬಿತ್ತು. ಮುಖದ ಮೇಲೆ ಹಾಸಿ, ಅಂಚು ಎಳೆದು ಮೇಜಿಗೆ ಬಿಗಿದರು. ಕೆಲವೇ ನಿಮಿಷದಲ್ಲಿ ಮೂಗು, ಹುಬ್ಬು, ಗದ್ದದ ಅಚ್ಚು ಸಮೇತ ಗಟ್ಟಿಯಾಯಿತು. ತಲೆ ಕೂದಲೆಳೆಯಷ್ಟೂ ಸರಿಯಬಾರದೆಂದು ಇಷ್ಟು ಕಟ್ಟುನಿಟ್ಟು, ಯಾಕೆಂದರೆ ಗಡ್ಡೆಯ ಪಕ್ಕದಲ್ಲೇ ಒಳ್ಳೆಯ ಮಿದುಳಿದೆ.

ಒಟ್ಟು 54 ಗ್ರೇ (ವಿಕಿರಣ ಅಳೆಯುವ ಮಾನ), ದಿನಕ್ಕೆ 1.8ರಂತೆ 30 ಕಂತು, ವಾರಕ್ಕೆ ಐದು ದಿನ. ಎಕ್ಸ್‌ರೇ ಜೀವಕೋಶದ ಡಿಎನ್‌ಎ ಮುರಿಯುತ್ತದೆ. ಎರಡು ಕಂತಿನ ನಡುವಿನ ಬಿಡುವಿನಲ್ಲಿ ಒಳ್ಳೆಯ ಕೋಶ ರಿಪೇರಿ ಮಾಡಿಕೊಳ್ಳುತ್ತದೆ, ಗಡ್ಡೆಯ ಕೋಶಕ್ಕೆ ಅದು ಅಷ್ಟು ಸಾಧಿಸುವುದಿಲ್ಲ. ಆರು ವಾರ ತಾಯಿ-ಮಗ ರೊಟ್ಟಿಬುತ್ತಿ ಕಟ್ಟಿಕೊಂಡು ಗದಗಿನಿಂದ ರೈಲಿನಲ್ಲಿ ಓಡಾಡಿದರು. ಕಿವಿಯ ಮೇಲಿನ ಕೂದಲು ಉದುರಿ, ಆಮೇಲೆ ಬಂತು.

ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಇದ್ದಷ್ಟೇ ಇತ್ತು. ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೇ ಕುಸಿದಳು. ಡಿಎನ್‌ಎ ಮುರಿದ ಕೋಶ ಬಹುಮಟ್ಟಿಗೆ ಸಾಯುವುದು ಮುಂದೆ ಎರಡಾಗಲು ಹೊರಟಾಗ. ಮೆಲ್ಲಗೆ ಬೆಳೆಯುವ ಗಡ್ಡೆ ಕರಗುವುದೂ ಮೆಲ್ಲಗೇ ಎಂದು ವೈದ್ಯರು ಸಮಾಧಾನ ಹೇಳಿದರು. ಎರಡನೇ ವರ್ಷದ ಎಂಆರ್‌ಐನಲ್ಲಿ ಅದು ಅರ್ಧಕ್ಕಿಳಿದಿತ್ತು. ಮುಂದಿನದು ದೀಪಾವಳಿ ಮುಗಿದ ಮೇಲೆ.