ಪಾಪಗೇನೊನ ಗಂಟೆಗಳು

1791ರಲ್ಲಿ ವಿಯೆನ್ನಾದಲ್ಲಿ ಮೊಟ್ಸಾರ್ಟ್‌ನ ‘ದಿ ಮ್ಯಾಜಿಕ್ ಫ್ಲೂಟ್’ ಸಂಗೀತ ನಾಟಕ ಮೊದಲ ಸಲ ರಂಗಕ್ಕೆ ಬಂತು. ಅದರಲ್ಲಿ ಪಾಪಗೇನೊ ಅಂತ ಒಬ್ಬ ಹಕ್ಕಿ ಹಿಡಿಯುವವನು ಬರುತ್ತಾನೆ. ಮನಸ್ಸು ಕೊಟ್ಟ ಹುಡುಗಿ ಇನ್ನು ಸಿಗುವುದಿಲ್ಲ ಅನ್ನಿಸಿ ಸಾಯಲು ಹೊರಡುತ್ತಾನೆ. ಯಾರಾದರೂ ತಡೆಯಬಹುದೇನೋ ಅಂತ ಕಾಯುತ್ತಾ ಮೂರರವರೆಗೆ ಎಣಿಸುತ್ತಾನೆ. ಆಗ ಮೂವರು ಹುಡುಗರು ಬಂದು, ನಿನ್ನ ಹತ್ತಿರ ಮಾಯದ ಗಂಟೆಗಳಿವೆ, ಬಾರಿಸು ಅಂತ ನೆನಪಿಸುತ್ತಾರೆ. ಅವನು ಬಾರಿಸುತ್ತಾನೆ, ಹುಡುಗಿ ಬರುತ್ತಾಳೆ.

ಗಂಟೆಗಳು ಅಷ್ಟು ಹೊತ್ತೂ ಅವನ ಹತ್ತಿರವೇ ಇದ್ದವು, ಅಲ್ವಾ? ಅವನಿಗೆ ಹೊಳೆಯಲಿಲ್ಲ. ಸಾವಿನ ಯೋಚನೆ ಕವಿದಾಗ ಕೈಯಲ್ಲಿರುವುದೂ ಕಾಣುವುದಿಲ್ಲ.

ಆಮೇಲೆ ಬಂದದ್ದು ಹಾಡಿನ ಭಯ. 1933ರಲ್ಲಿ ಅಚ್ಚಾದ ಹಂಗೇರಿಯ ‘ಗ್ಲೂಮಿ ಸಂಡೆ’ ಕೇಳಿ ಜನ ಸಾಯುತ್ತಿದ್ದಾರೆ ಅಂತ ಸುದ್ದಿ ಹಬ್ಬಿತು. ಅದು ಸಾಬೀತಾಗಲೇ ಇಲ್ಲ.

ಸಂಗೀತವನ್ನು ಚಿಕಿತ್ಸೆಯಾಗಿ ನೋಡಿದ್ದು ಆಸ್ಪತ್ರೆಗಳು. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೈನಿಕರ ಆಸ್ಪತ್ರೆಗಳಲ್ಲಿ ಸಂಗೀತಗಾರರು ನುಡಿಸುತ್ತಿದ್ದರು. 1944ರಲ್ಲಿ ಮಿಷಿಗನ್‌ನಲ್ಲಿ ಮ್ಯೂಸಿಕ್ ಥೆರಪಿ ಕೋರ್ಸ್ ಶುರುವಾಯಿತು. 1970ರ ದಶಕದಲ್ಲಿ ಪಿಟೀಲು ವಾದಕಿ ಹೆಲೆನ್ ಬಾನಿ ಕೇಳುವುದನ್ನೇ ಚಿಕಿತ್ಸೆಯಾಗಿ ಬೆಳೆಸಿದರು. ಕಣ್ಣು ಮುಚ್ಚಿ ಕೇಳುವವರ ಪಕ್ಕದಲ್ಲಿ ಥೆರಪಿಸ್ಟ್ ಕೂತಿರುತ್ತಾರೆ. ಏನು ಕಾಣುತ್ತಿದೆ, ಏನು ಅನ್ನಿಸುತ್ತಿದೆ ಅಂತ ಕೇಳುತ್ತಿರುತ್ತಾರೆ. ನನಗೆ ಇದೇ ಮುಖ್ಯ. ‘ಹಾಡು ಕೇಳು, ಸರಿಹೋಗುತ್ತೆ’ ಅಂತ ಸುಮ್ನೆ ಹೇಳಿ ಎದ್ದು ಹೋಗುವುದು ಚಿಕಿತ್ಸೆ ಅಲ್ಲ. ನೋವಿನ ಹಾಡನ್ನೇ ಮತ್ತೆ ಮತ್ತೆ ಹಾಕಿಕೊಂಡು ಇನ್ನಷ್ಟು ಕುಸಿಯುವವರೂ ಇದ್ದಾರೆ. 2017ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರನ್ ಸಂಸ್ಥೆಯ ತಂಡ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಮಾಮೂಲಿ ಚಿಕಿತ್ಸೆಯ ಜೊತೆ ಮ್ಯೂಸಿಕ್ ಥೆರಪಿ ಸೇರಿದರೆ ಖಿನ್ನತೆ ಜಾಸ್ತಿ ತಗ್ಗುತ್ತದೆ, ಕನಿಷ್ಠ ಸ್ವಲ್ಪ ಕಾಲಕ್ಕೆ. ‘ಜೊತೆ’ ಅನ್ನುವ ಮಾತನ್ನು ಮರೆಯಬಾರದು.

ಕೊನೆಗೆ ಪಾಪಗೇನೊ ಮತ್ತೆ ಬಂದ. 2010ರಲ್ಲಿ ವಿಯೆನ್ನಾದ ಸಂಶೋಧಕ ಥಾಮಸ್ ನೀಡರ್‌ಕ್ರೊಟೆಂಥಾಲರ್ ಮತ್ತವರ ತಂಡ, ಕಷ್ಟ ದಾಟಿ ಬದುಕಿದವರ ಕತೆಗಳು ಇತರರನ್ನೂ ಉಳಿಸಬಲ್ಲವು ಎಂಬುದಕ್ಕೆ ಅವನದೇ ಹೆಸರಿಟ್ಟಿತು: ಪಾಪಗೇನೊ ಎಫೆಕ್ಟ್. 2017ರಲ್ಲಿ ಅಮೆರಿಕದ ರ‍್ಯಾಪರ್ ಲಾಜಿಕ್ ಆತ್ಮಹತ್ಯೆ ತಡೆಯುವ ಒಂದು ಸಹಾಯವಾಣಿಯ ನಂಬರನ್ನೇ ಹಾಡಿನ ಹೆಸರಾಗಿಸಿದರು. ಆ ಹಾಡು ಜನರ ಬಾಯಲ್ಲಿ ಹೆಚ್ಚು ಓಡಾಡಿದ 34 ದಿನಗಳಲ್ಲಿ ಸಹಾಯವಾಣಿಗೆ ನಿರೀಕ್ಷೆಗಿಂತ ಸುಮಾರು 9,900 ಕರೆ ಜಾಸ್ತಿ ಬಂದವು. ಆತ್ಮಹತ್ಯೆಗಳು ನಿರೀಕ್ಷೆಗಿಂತ ಸುಮಾರು 245 ಕಡಿಮೆ ಇದ್ದವು. 2021ರಲ್ಲಿ ಈ ಲೆಕ್ಕ ಕೊಟ್ಟಿದ್ದೂ ಅದೇ ನೀಡರ್‌ಕ್ರೊಟೆಂಥಾಲರ್ ತಂಡ.

ಆ ಹಾಡು ಮಾಡಿದ್ದು ಮೂವರು ಹುಡುಗರ ಕೆಲಸವನ್ನೇ: ನೆನಪಿಸಿತು. ನಮ್ಮಲ್ಲಿ ಅಂಥ ನಂಬರ್ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.