ಎರಡನೇ ಪ್ರಾಶಸ್ತ್ಯದ ಮತ ಮತ್ತು ಹೆಸರು ಅಳಿದ ಒಂದು ಕ್ಷೇತ್ರ

ವಿಧಾನಸಭೆಯ ಮತ ಎಣಿಕೆ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ದಾರಿಗೆ ಬಂದಿರುತ್ತದೆ. ಯಾರು ಗೆಲ್ಲುತ್ತಾರೆ ಅನ್ನೋದು ಹೊರಗೆ ಪಟಾಕಿ ಹೊಡೆಯುವವರಿಗೂ ಗೊತ್ತಾಗಿರುತ್ತದೆ. ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರದ ಎಣಿಕೆ ಹಾಗಲ್ಲ. ಅಲ್ಲಿ ಮತದಾರ ತನ್ನ ಇಷ್ಟದ ಕ್ರಮದಲ್ಲಿ ಅಭ್ಯರ್ಥಿಗಳಿಗೆ 1, 2, 3 ಅಂತ ಪ್ರಾಶಸ್ತ್ಯ ಬರೆಯುತ್ತಾನೆ. ಅಲ್ಲಿ ರಾತ್ರಿಯ ಊಟವೂ ಎಣಿಕೆ ಕೇಂದ್ರದಲ್ಲೇ ಆಗುತ್ತದೆ, ಕೆಲವೊಮ್ಮೆ ಮರುದಿನದ ತಿಂಡಿಯೂ. ಕಂದಾಯ ಇಲಾಖೆಯಲ್ಲಿದ್ದಾಗ ನಾನು ಆ ಎಣಿಕೆಗೆ ಕೂತಿದ್ದೇನೆ. ನಿವೃತ್ತಿಯಾದ ಮೇಲೂ ತರಬೇತಿಗೆ ಕರೆಯುತ್ತಾರೆ. ಹೊಸ ಸಿಬ್ಬಂದಿ ಪ್ರತಿ ಸಲ ಕೇಳುವ ಪ್ರಶ್ನೆ ಒಂದೇ: 'ಸಾರ್, ಮೊದಲ ಸುತ್ತಲ್ಲಿ ಮುಂದಿದ್ದವರು ಗೆದ್ದ ಹಾಗೇ ಅಲ್ವಾ? ಇಷ್ಟೊಂದು ಒದ್ದಾಟ ಯಾಕೆ?'

ಇದಕ್ಕೆ ಉತ್ತರವಾಗಿ ನಾನು ಈಗ ಕೆನಡಾದ ಒಂದು ಕ್ಷೇತ್ರದ ಕಥೆ ಹೇಳುತ್ತೇನೆ. ಆ ಕ್ಷೇತ್ರ ಈಗ ಇಲ್ಲ. ಹೆಸರು ಸೌತ್ ಒಕನಾಗನ್.

ನನಗೆ ಅದು ಸಿಕ್ಕಿದ್ದು ಆಕಸ್ಮಿಕವಾಗಿ. ಮಗಳು ಬ್ರಿಟಿಷ್ ಕೊಲಂಬಿಯಾದ ಕೆಲೋನಾದಲ್ಲಿದ್ದಾಳೆ. ಉದ್ದನೆಯ ಸರೋವರ, ದಡದುದ್ದಕ್ಕೂ ಸೇಬು, ಪೀಚ್, ಚೆರ್ರಿ ತೋಟಗಳು. ಸರೋವರದ ಮೇಲೆ ತೇಲುವ ಸೇತುವೆ. ಅದರ ಹೆಸರು ವಿಲಿಯಂ ಆರ್. ಬೆನೆಟ್ ಸೇತುವೆ. ಯಾರಪ್ಪಾ ಈ ಬೆನೆಟ್ ಅಂತ ಹುಡುಕಿದೆ. ಮಾಜಿ ಪ್ರೀಮಿಯರ್ ಅಂತ ಗೊತ್ತಾಯಿತು. ಅಲ್ಲಿ ಪ್ರಾಂತ್ಯದ ಮುಖ್ಯಮಂತ್ರಿಗೆ ಪ್ರೀಮಿಯರ್ ಅನ್ನುತ್ತಾರೆ. ಇನ್ನೂ ಹುಡುಕಿದರೆ ಅವರ ಅಪ್ಪನೂ ಪ್ರೀಮಿಯರ್! ಇಬ್ಬರೂ ಶಾಸಕರಾಗಿದ್ದು ಇದೇ ಕ್ಷೇತ್ರದಿಂದ. ಅಪ್ಪ, ಮಗ, ಕ್ಷೇತ್ರ ಅಂದರೆ ನಮ್ಮವರಿಗೆ ವಿವರಿಸಬೇಕಾದ್ದು ಏನೂ ಇಲ್ಲ. ನನ್ನ ಕಣ್ಣು ಹೋಗಿದ್ದು ಬೇರೆ ಕಡೆಗೆ. ಆ ಅಪ್ಪ ಪ್ರೀಮಿಯರ್ ಆದ 1952ರ ಚುನಾವಣೆಯನ್ನು ಎಣಿಸಿದ್ದು ನಮ್ಮ ಪದವೀಧರರ ಕ್ಷೇತ್ರದ ಲೆಕ್ಕದಲ್ಲೇ.

ಸೌತ್ ಒಕನಾಗನ್ ಹುಟ್ಟಿದ್ದು 1916ರ ಚುನಾವಣೆಗೆ. ಒಕನಾಗನ್ ಅಂತ ಇದ್ದ ಕ್ಷೇತ್ರವನ್ನು ಉತ್ತರ, ದಕ್ಷಿಣ ಅಂತ ಎರಡು ಮಾಡಿದರು. ಮೊದಲ ಹದಿನೇಳು ವರ್ಷ ಕನ್ಸರ್ವೇಟಿವ್ ಪಕ್ಷದ ಜೆ. ಡಬ್ಲ್ಯೂ. ಜೋನ್ಸ್ ಶಾಸಕರು. ಆ ಅವಧಿಯಲ್ಲೇ ಹಣಕಾಸು ಮಂತ್ರಿಯೂ ಆದರು. 1933ರಲ್ಲಿ ಕ್ಷೇತ್ರ ಲಿಬರಲ್ ಪಕ್ಷದ ಜೆ. ಆಲನ್ ಹ್ಯಾರಿಸ್ ಕೈಗೆ ಹೋಯಿತು. ಇವರು ರಸಾಯನಶಾಸ್ತ್ರಜ್ಞ. 1926ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು 61ನೇ ಮೂಲಧಾತುವನ್ನು ಕಂಡುಹಿಡಿದೆವು ಎಂದು ಘೋಷಿಸಿ 'ಇಲಿನಿಯಂ' ಅಂತ ಹೆಸರಿಟ್ಟರಲ್ಲ, ಆ ತಂಡದಲ್ಲಿದ್ದವರು. ಆ ಘೋಷಣೆ ನಿಲ್ಲಲಿಲ್ಲ. 61ನೇ ಧಾತು ನಿಜವಾಗಿ ಸಿಕ್ಕಿದ್ದು 1945ರಲ್ಲಿ, ಪ್ರೊಮಿಥಿಯಂ ಎಂಬ ಹೆಸರಲ್ಲಿ. ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ. ಅವರ ನಂತರ 1937ರಿಂದ 41ರವರೆಗೆ ಇನ್ನೊಬ್ಬ ಲಿಬರಲ್, ಸೆಸಿಲ್ ಬುಲ್.

1941ರಲ್ಲಿ ಬಂದವರು ಡಬ್ಲ್ಯೂ. ಎ. ಸಿ. ಬೆನೆಟ್. ಕೆಲೋನಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವರು. ಮೊಳೆ, ಬಣ್ಣ, ಕೊಳವೆ ಮಾರುತ್ತಿದ್ದವರು ಕನ್ಸರ್ವೇಟಿವ್ ಟಿಕೆಟ್ ಮೇಲೆ ಗೆದ್ದರು. ಆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. 48 ಸ್ಥಾನಗಳಲ್ಲಿ ಲಿಬರಲ್‌ಗಳಿಗೆ 21, ಸಿಸಿಎಫ್‌ಗೆ 14, ಕನ್ಸರ್ವೇಟಿವ್‌ಗಳಿಗೆ 12, ಲೇಬರ್‌ಗೆ 1. ಸಿಸಿಎಫ್ ಅಂದರೆ ಕೋ-ಆಪರೇಟಿವ್ ಕಾಮನ್‌ವೆಲ್ತ್ ಫೆಡರೇಷನ್, ಸಮಾಜವಾದಿಗಳ ಪಕ್ಷ. ಸ್ಥಾನದಲ್ಲಿ ಎರಡನೆಯದಾದರೂ ಒಟ್ಟು ಮತದಲ್ಲಿ ಕೂದಲೆಳೆಯಷ್ಟು ಮುಂದಿದ್ದದ್ದು ಅದೇ. ಹಳೆಯ ಎರಡು ಪಕ್ಷಗಳಿಗೆ ನಡುಕ ಹುಟ್ಟಿತು. ಇಬ್ಬರೂ ಸೇರಿ ಸಮ್ಮಿಶ್ರ ಸರ್ಕಾರ ಮಾಡಿದರು, ಅದು ಹತ್ತು ವರ್ಷ ನಡೆಯಿತು.

ಬೆನೆಟ್‌ಗೆ ಸಮಾಧಾನವಿರಲಿಲ್ಲ. 1946ರಲ್ಲೂ 1950ರಲ್ಲೂ ಪಕ್ಷದ ನಾಯಕತ್ವಕ್ಕೆ ನಿಂತು ಹರ್ಬರ್ಟ್ ಆನ್ಸ್‌ಕೂಂಬ್ ಎದುರು ಸೋತರು. ನಡುವೆ 1948ರಲ್ಲಿ ಶಾಸಕ ಸ್ಥಾನ ಬಿಟ್ಟು ಕೇಂದ್ರ ಸಂಸತ್ತಿನ ಯೇಲ್ ಉಪಚುನಾವಣೆಗೆ ಹೋದರು. ಅಲ್ಲೂ ಸೋತರು. ಅವರು ಖಾಲಿ ಮಾಡಿದ ಜಾಗಕ್ಕೆ ಉಪಚುನಾವಣೆಯಲ್ಲಿ ಬ್ರೌನ್-ಕ್ಲೇಟನ್ ಎಂಬವರು ಬಂದರು. ಹೀಗಾಗಿ ಕ್ಷೇತ್ರದ ಪಟ್ಟಿಯಲ್ಲಿ ಬೆನೆಟ್, ಬ್ರೌನ್-ಕ್ಲೇಟನ್, ಮತ್ತೆ ಬೆನೆಟ್ ಅಂತ ಕಾಣುತ್ತದೆ. ಬರೀ ಪಟ್ಟಿ ನೋಡಿದವರು 'ಓ, ಮಧ್ಯೆ ಒಮ್ಮೆ ಸೋತಿದ್ದಾರೆ' ಅಂದುಕೊಳ್ಳುತ್ತಾರೆ. ಈ ಕ್ಷೇತ್ರದಲ್ಲಿ ಅವರು ಸೋಲಲೇ ಇಲ್ಲ. ಪಟ್ಟಿಯಲ್ಲಿ ಯಾರಾದರೂ ಹೀಗೆ ಹೋಗಿ ಬಂದಿದ್ದರೆ ಮೊದಲು ಉಪಚುನಾವಣೆಯ ಕಡತ ತೆಗೆಯಿರಿ ಅಂತ ನಾನು ಹೇಳುವುದು ಇದಕ್ಕೇ.

1949ರಲ್ಲಿ ಗೆದ್ದು ಬಂದ ಬೆನೆಟ್ 1951ರ ಮಾರ್ಚ್‌ನಲ್ಲಿ ಸಮ್ಮಿಶ್ರ ಸರ್ಕಾರದ ಬೆಂಬಲ ಬಿಟ್ಟು ಎದುರು ಬೆಂಚಿಗೆ ಹೋಗಿ ಕೂತರು. ವರ್ಷದ ಕೊನೆಗೆ ಸೋಶಿಯಲ್ ಕ್ರೆಡಿಟ್ ಪಕ್ಷ ಸೇರಿದರು. ಪಕ್ಕದ ಆಲ್ಬರ್ಟಾದಲ್ಲಿ ಆ ಪಕ್ಷ 1935ರಿಂದ ಅಧಿಕಾರದಲ್ಲಿತ್ತು. ಇಲ್ಲಿ ಅದಕ್ಕೆ ಹೇಳಿಕೊಳ್ಳುವ ನೆಲೆ ಇರಲಿಲ್ಲ.

ಅಷ್ಟರಲ್ಲಿ ಸಮ್ಮಿಶ್ರ ಸರ್ಕಾರ ಒಂದು ಕಾನೂನು ಮಾಡಿಕೊಂಡಿತ್ತು. ನಾವು ಬೇರೆಬೇರೆಯಾಗಿ ಸ್ಪರ್ಧಿಸಿದರೆ ಮತ ಒಡೆದು ಸಿಸಿಎಫ್ ಗೆಲ್ಲುತ್ತದೆ, ಅದಕ್ಕೆ ಮತದಾರ 1, 2, 3 ಅಂತ ಬರೆಯಲಿ ಎಂದು. ಲಿಬರಲ್ ಮತದಾರ ಎರಡನೆಯದನ್ನು ಕನ್ಸರ್ವೇಟಿವ್‌ಗೆ ಕೊಡುತ್ತಾನೆ, ಅವನು ಇವನಿಗೆ ಕೊಡುತ್ತಾನೆ, ಸಿಸಿಎಫ್ ಹೊರಗೇ ಉಳಿಯುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇತ್ತು.

ಎಣಿಕೆ ಹೇಗೆ ನಡೆಯುತ್ತದೆ ಅನ್ನೋದಕ್ಕೆ ತರಬೇತಿಯಲ್ಲಿ ನಾನು ಕೊಡುವ ಉದಾಹರಣೆ ಇದು. ನನ್ನದೇ ಕಟ್ಟುಲೆಕ್ಕ, ಯಾವ ಊರಿನದೂ ಅಲ್ಲ. ನೂರು ಮತ, ನಾಲ್ಕು ಅಭ್ಯರ್ಥಿಗಳು. ಕೆಂಪು 38, ಹಳದಿ 28, ನೀಲಿ 20, ಹಸಿರು 14. ಗೆಲ್ಲಲು ಅರ್ಧಕ್ಕಿಂತ ಒಂದು ಜಾಸ್ತಿ, ಅಂದರೆ 51 ಬೇಕು. ಯಾರಿಗೂ ಇಲ್ಲ. ಕೊನೆಯಲ್ಲಿರುವ ಹಸಿರನ್ನು ಎಲಿಮಿನೇಟ್ ಮಾಡಿ, ಆ 14 ಮತಪತ್ರಗಳಲ್ಲಿ 2 ಅಂತ ಯಾರಿಗೆ ಬರೆದಿದೆ ನೋಡುತ್ತೇವೆ. ಎಂಟು ಹಳದಿಗೆ, ಮೂರು ನೀಲಿಗೆ, ಎರಡು ಕೆಂಪಿಗೆ. ಒಂದರಲ್ಲಿ ಏನೂ ಬರೆದಿಲ್ಲ, ಅದು ಅಲ್ಲಿಗೇ ಮುಗಿಯಿತು. ಈಗ ಕೆಂಪು 40, ಹಳದಿ 36, ನೀಲಿ 23. ನೀಲಿ ಹೊರಗೆ. ಅದರ 23ರಲ್ಲಿ ಹದಿನೈದು ಹಳದಿಗೆ, ಐದು ಕೆಂಪಿಗೆ ಹೋಗಿ, ಮೂರು ಮುಗಿಯುತ್ತವೆ. ಹಳದಿ 51, ಕೆಂಪು 45. ಹತ್ತು ಮತ ಹಿಂದಿದ್ದವನು ಗೆದ್ದ. ಕೆಂಪಿನವರ ಏಜೆಂಟ್ ಈ ಹೊತ್ತಿಗೆ ಮೇಜು ಗುದ್ದುತ್ತಿರುತ್ತಾನೆ. ಅವನಿಗೆ ಸಮಾಧಾನ ಹೇಳುವುದೂ ನಮ್ಮ ಕೆಲಸವೇ.

1952ರ ಜೂನ್ 12ರಂದು ಬ್ರಿಟಿಷ್ ಕೊಲಂಬಿಯಾ ಮತ ಹಾಕಿತು. ಮೊದಲ ಪ್ರಾಶಸ್ತ್ಯದಲ್ಲಿ ಸಿಸಿಎಫ್‌ಗೆ ಸುಮಾರು ಶೇಕಡಾ 31, ಸೋಶಿಯಲ್ ಕ್ರೆಡಿಟ್‌ಗೆ 27, ಲಿಬರಲ್‌ಗಳಿಗೆ 23, ಕನ್ಸರ್ವೇಟಿವ್‌ಗಳಿಗೆ 17. ಮೊದಲ ಸುತ್ತಿನಲ್ಲೇ ಎಣಿಕೆ ನಿಲ್ಲಿಸಿದ್ದರೆ ಸಿಸಿಎಫ್ 21 ಕಡೆ, ಸೋಶಿಯಲ್ ಕ್ರೆಡಿಟ್ 14 ಕಡೆ ಮುಂದಿದ್ದವು. ಮುಂದಿನ ಸುತ್ತುಗಳು ಮುಗಿಯಲು ಜುಲೈ ತಿಂಗಳು ಬಂತು. ಕೊನೆಯ ಲೆಕ್ಕ ಹೀಗಿತ್ತು: ಸೋಶಿಯಲ್ ಕ್ರೆಡಿಟ್ 19, ಸಿಸಿಎಫ್ 18, ಲಿಬರಲ್ 6, ಕನ್ಸರ್ವೇಟಿವ್ 4, ಲೇಬರ್ 1. ಪ್ರೀಮಿಯರ್ ಬೈರನ್ ಜಾನ್ಸನ್ ತಮ್ಮ ಸ್ಥಾನವನ್ನೇ ಕಳೆದುಕೊಂಡರು.

ಕಾನೂನು ಮಾಡಿದವರ ಲೆಕ್ಕ ಎಲ್ಲಿ ತಪ್ಪಿತು? ಮತ ಹಾಕುವ ಹೊತ್ತಿಗೆ ಎರಡೂ ಪಕ್ಷದವರು ಕಿತ್ತಾಡಿಕೊಂಡು ಬೇರೆಯಾಗಿದ್ದರು. ಲಿಬರಲ್ ಮತದಾರನಿಗೆ ಕನ್ಸರ್ವೇಟಿವ್ ಮೇಲೆ ಸಿಟ್ಟು, ಅವನಿಗೆ ಇವನ ಮೇಲೆ. ಎರಡನೇ ಪ್ರಾಶಸ್ತ್ಯ ಹೊಸಬರಾದ ಸೋಶಿಯಲ್ ಕ್ರೆಡಿಟ್‌ಗೆ ಹೋಯಿತು. ಸಿಸಿಎಫ್ ಬೆಂಬಲಿಗರಲ್ಲೂ ಎಷ್ಟೋ ಜನ, ಹಳಬರು ತೊಲಗಿದರೆ ಸಾಕು ಅಂತ ಅವರಿಗೇ 2 ಬರೆದರು. ಎಲ್ಲರ ಮೊದಲ ಆಯ್ಕೆಯಾಗದ ಪಕ್ಷ ಎಲ್ಲರ ಎರಡನೇ ಆಯ್ಕೆಯಾಯಿತು. ಪದವೀಧರರ ಕ್ಷೇತ್ರದಲ್ಲಿ ಇದನ್ನೇ ನೋಡಿದ್ದೇನೆ. ನಾಯಕರು ವೇದಿಕೆಯಲ್ಲಿ ಕೈ ಕುಲುಕಿದ ಮಾತ್ರಕ್ಕೆ ಮತಪತ್ರದಲ್ಲಿ 2 ಬೀಳುವುದಿಲ್ಲ.

ಇನ್ನೊಂದು ವಿಚಿತ್ರ ಅಂದರೆ ಸೋಶಿಯಲ್ ಕ್ರೆಡಿಟ್ ಆ ಚುನಾವಣೆಗೆ ಹೋದಾಗ ಅದಕ್ಕೆ ಇಲ್ಲಿಯದೇ ಆದ ನಾಯಕ ಇರಲಿಲ್ಲ. ಪ್ರಚಾರ ನಡೆಸಲು ಆಲ್ಬರ್ಟಾದಿಂದ ಒಬ್ಬರನ್ನು ಕರೆಸಿದ್ದರು. ಗೆದ್ದ ಮೇಲೆ ಹೊಸ ಶಾಸಕರು ಸೇರಿ ಬೆನೆಟ್ ಅವರನ್ನು ನಾಯಕನನ್ನಾಗಿ ಆರಿಸಿದರು. ಆಗಸ್ಟ್ 1ರಂದು ಪ್ರಮಾಣವಚನ. ಅಲ್ಪಮತದ ಸರ್ಕಾರ, ಇನ್ನೆಷ್ಟು ದಿನ ಅಂತ ಜನ ನಗುತ್ತಿದ್ದರು. ಮರುವರ್ಷ ಶಾಲೆಗಳ ಅನುದಾನದ ಮಸೂದೆಯ ಮೇಲೆ ಸದನದಲ್ಲಿ ಸೋತು ಮತ್ತೆ ಚುನಾವಣೆಗೆ ಹೋದರು. ಬೇಕಂತಲೇ ಸೋತರು ಅನ್ನುವವರೇ ಹೆಚ್ಚು, ನನಗೂ ಹಾಗೇ ಅನಿಸುತ್ತದೆ. 1953ರಲ್ಲಿ ಅದೇ 1, 2, 3 ಪದ್ಧತಿಯಲ್ಲಿ 28 ಸ್ಥಾನ ಬಂತು. ಆಮೇಲೆ ಮಾಡಿದ್ದೇನು ಗೊತ್ತಾ? ತಮ್ಮನ್ನು ಮೇಲೆ ಹತ್ತಿಸಿದ ಆ ಏಣಿಯನ್ನೇ ತೆಗೆದರು. 1956ರ ಹೊತ್ತಿಗೆ ಹಳೆಯ ಪದ್ಧತಿ ವಾಪಸ್ ಬಂತು, ಹೆಚ್ಚು ಮತ ಬಂದವನೇ ಗೆದ್ದ. ಸಿಸಿಎಫ್ ಒಂದು ಕಡೆ, ಉಳಿದವರೆಲ್ಲ ತಮ್ಮ ಕಡೆ ಅನ್ನುವ ಸ್ಥಿತಿ ಬಂದ ಮೇಲೆ ಎರಡನೇ ಪ್ರಾಶಸ್ತ್ಯದ ಹಂಗು ಅವರಿಗೆ ಬೇಕಿರಲಿಲ್ಲ.

1952ರಿಂದ 20 ವರ್ಷ ಅವರೇ ಪ್ರೀಮಿಯರ್. 1958ರಲ್ಲಿ ಸರೋವರಕ್ಕೆ ಮೊದಲ ತೇಲುವ ಸೇತುವೆ ಬಂತು, ಅಲ್ಲಿವರೆಗೆ ಆಚೆ ದಡಕ್ಕೆ ದೋಣಿಯೇ ಗತಿ. 1972ರಲ್ಲಿ ಡೇವ್ ಬ್ಯಾರೆಟ್ ಅವರ ಎನ್‌ಡಿಪಿ, ಅಂದರೆ ಹೊಸ ಹೆಸರು ಪಡೆದ ಅದೇ ಸಿಸಿಎಫ್, 55ರಲ್ಲಿ 38 ಗೆದ್ದಾಗ ಸೋಶಿಯಲ್ ಕ್ರೆಡಿಟ್ ಹತ್ತಕ್ಕೆ ಇಳಿಯಿತು. ಆಗಲೂ ಸೌತ್ ಒಕನಾಗನ್ ಬೆನೆಟ್ ಕೈಬಿಡಲಿಲ್ಲ. ಮರುವರ್ಷ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್‌ನ ಉಪಚುನಾವಣೆಗೆ ಮಗ ಬಿಲ್, ಅಂದರೆ ಸೇತುವೆಯ ಹೆಸರಿನ ವಿಲಿಯಂ, ನಿಂತರು. ಕನ್ಸರ್ವೇಟಿವ್ ನಾಯಕ ಡೆರಿಲ್ ವಾರನ್ ಅವರೇ ಎದುರಾಳಿಯಾದರು, ಆದರೂ ಬಿಲ್ ಗೆದ್ದರು. 1975ರ ಕೊನೆಗೆ ಪ್ರೀಮಿಯರ್ ಆದರು.

ಇಲ್ಲಿಗೆ ಸೌತ್ ಒಕನಾಗನ್ ಪಟ್ಟಿ ಮುಗಿಯುತ್ತದೆ. 1979ರ ಚುನಾವಣೆಯ ಪುಟದಲ್ಲಿ ಹುಡುಕಿದರೆ ಆ ಹೆಸರಿಲ್ಲ. ನಾನೂ ಒಂದು ಕ್ಷಣ ಗಾಬರಿಯಾದೆ. ಪ್ರೀಮಿಯರ್ ಕ್ಷೇತ್ರವನ್ನೇ ಅಳಿಸಿದರಾ? ಆಗಿದ್ದು ಇಷ್ಟೇ. ಕ್ಷೇತ್ರ ಮರುವಿಂಗಡಣೆಯಲ್ಲಿ ಪದಗಳನ್ನು ಹಿಂದುಮುಂದು ಮಾಡಿ ಒಕನಾಗನ್ ಸೌತ್ ಅಂತ ಇಟ್ಟಿದ್ದರು. ಬಿಲ್ ಅಲ್ಲಿಂದಲೇ 1986ರವರೆಗೆ ಶಾಸಕ. ಅದೇ ಮರುವಿಂಗಡಣೆಯಲ್ಲಿ ವ್ಯಾಂಕೂವರ್‌ನ ಲಿಟಲ್ ಮೌಂಟನ್ ಕ್ಷೇತ್ರಕ್ಕೆ ಬೆರಳಿನ ಹಾಗೆ ಚಾಚಿದ ಒಂದು ತುಂಡು ಸೇರಿತು. ಆಡಳಿತ ಪಕ್ಷಕ್ಕೆ ಒಲಿದ ಬೀದಿಗಳು ಅವು. ಅಲ್ಲಿನ ಮಂತ್ರಿ ಗ್ರೇಸ್ ಮೆಕಾರ್ಥಿ ಹೆಸರಿನಲ್ಲಿ ಜನ ಅದನ್ನು 'ಗ್ರೇಸಿಯ ಬೆರಳು' ಅಂತ ಆಡಿಕೊಂಡರು. 1986ರಲ್ಲಿ ಒಕನಾಗನ್ ಸೌತ್‌ಗೆ ಇಬ್ಬರು ಶಾಸಕರು ಬಂದರು. 1991ರ ಹೊತ್ತಿಗೆ ಪ್ರಾಂತ್ಯದಲ್ಲೆಲ್ಲ ಇಂಥ ಬಹುಸದಸ್ಯ ಕ್ಷೇತ್ರಗಳು ಹೋದವು, ಅದರ ಜೊತೆ ಈ ಹೆಸರೂ ಹೋಯಿತು. ನಮ್ಮ ದ್ವಿಸದಸ್ಯ ಕ್ಷೇತ್ರಗಳನ್ನು 1961ರಲ್ಲೇ ತೆಗೆದಿದ್ದರು. ಸಾತನೂರು 2008ರ ಮರುವಿಂಗಡಣೆಯಲ್ಲಿ ಅಳಿದರೂ ಅದರ ಶಾಸಕರು ಕನಕಪುರದಲ್ಲಿ ಮುಂದುವರಿದರಲ್ಲ, ಹಾಗೇ ಇದೂ. ಹೆಸರು ಹುಡುಕಿದರೆ ಸಿಗಲ್ಲ, ಊರುಗಳನ್ನು ಹುಡುಕಬೇಕು.

ಪಟ್ಟಿಯಲ್ಲಿ ಎಲ್ಲೂ ಕಾಣದ ಇನ್ನೊಂದು ವಿಷಯ ಇದೆ. ಮತದಾರರ ಪಟ್ಟಿಯಲ್ಲೇ ಇಲ್ಲದವರು. 1916ರ ಮೊದಲ ಚುನಾವಣೆಯಲ್ಲಿ ಹೆಂಗಸರಿಗೆ ಮತವಿರಲಿಲ್ಲ, ಅವರಿಗೆ ಸಿಕ್ಕಿದ್ದು ಮರುವರ್ಷ. ಭಾರತದಿಂದ ಹೋದವರ ಮತದ ಹಕ್ಕನ್ನು ಆ ಪ್ರಾಂತ್ಯ 1907ರಲ್ಲಿ ಕಿತ್ತುಕೊಂಡಿತ್ತು. ವಾಪಸ್ ಕೊಟ್ಟಿದ್ದು 1947ರಲ್ಲಿ, ಚೀನೀಯರಿಗೂ ಆಗಲೇ. ಜಪಾನಿ ಮೂಲದವರಿಗೆ ಮತ್ತು ಆ ನೆಲದ ಮೂಲನಿವಾಸಿಗಳಿಗೆ 1949ರಲ್ಲಿ. ಒಕನಾಗನ್ ಅನ್ನೋ ಹೆಸರೇ ಬಂದಿದ್ದು ಆ ಮೂಲನಿವಾಸಿಗಳಿಂದ, ಅವರು ತಮ್ಮನ್ನು ಸಿಲ್ಕ್ಸ್ ಎಂದು ಕರೆದುಕೊಳ್ಳುತ್ತಾರೆ. ಅವರ ಹೆಸರಿನ ಕ್ಷೇತ್ರದಲ್ಲಿ 33 ವರ್ಷ ಅವರಿಗೇ ಮತವಿರಲಿಲ್ಲ. ಬೆನೆಟ್ ಅವರ 1941 ಮತ್ತು 1945ರ ಗೆಲುವಿನ ಅಂಕಿ ಓದುವಾಗ ನನಗೆ ಇದು ನೆನಪಾಗುತ್ತದೆ.

ಬ್ರಿಟಿಷ್ ಕೊಲಂಬಿಯಾ 1953ರ ನಂತರ ಮತ್ತೆ 1, 2, 3 ಬರೆದಿಲ್ಲ. ಎಣಿಕೆ ಪದ್ಧತಿ ಬದಲಿಸೋಣವೇ ಅಂತ 2005, 2009, 2018ರಲ್ಲಿ ಜನಮತ ಕೇಳಿದರು. 2005ರಲ್ಲಿ ಶೇಕಡಾ 57ಕ್ಕೂ ಹೆಚ್ಚು ಜನ ಹೂಂ ಅಂದರು, ಆದರೆ 60 ಬೇಕಿತ್ತು. ಉಳಿದ ಎರಡು ಸಲ ಜನರೇ ಬೇಡ ಅಂದರು.

ನಮ್ಮಲ್ಲಿ ಮಾತ್ರ ಪದವೀಧರರು ಇನ್ನೂ ಅಂಕಿ ಬರೆಯುತ್ತಿದ್ದಾರೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು. 1 ಅಂತಲೂ ಬರೆಯಬಹುದು, ೧ ಅಂತಲೂ ಬರೆಯಬಹುದು. 'ಒಂದು' ಅಂತ ಅಕ್ಷರದಲ್ಲಿ ಬರೆದರೆ ಮತ ಕುಲಗೆಟ್ಟಿತು. ಸಹಿ ಹಾಕಿದರೂ ಅಷ್ಟೇ. ಡಿಗ್ರಿ ಓದಿದವರು ಸಹಿ ಹಾಕುತ್ತಾರಾ ಅಂತ ಹೊಸ ಸಿಬ್ಬಂದಿ ನಗುತ್ತಾರೆ. ಎಣಿಕೆಯ ದಿನ ಆ ಕಟ್ಟು ಎಷ್ಟು ದಪ್ಪ ಇರುತ್ತದೆ ಅಂತ ಅವರಿಗಿನ್ನೂ ಗೊತ್ತಿಲ್ಲ.